ಎಸ್‌ಎಲ್‌ಆರ್ ಶುಚಿ ಮತ್ತು ಎಣ್ಣೆ: ಮಾಡಬೇಕಾದ್ದು, ಮಾಡಬಾರದ್ದು

ಬೀದರ ಜಿಲ್ಲೆಯ ಠಾಣಾ ಕುಶನೂರ ಸೀಮೆಯಲ್ಲಿ ಪಹರೆ, ಗಸ್ತು, ಚೆಕ್‌ಪೋಸ್ಟ್, ಬಂದೋಬಸ್ತಿಗೆ 7.62 ಮಿ.ಮೀ. ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಹಿಡಿಯುವ ಎಲ್ಲರೂ ಇದನ್ನು ಓದಬೇಕು. ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರಿಗೆ ಬೇಕಾದ ಮಾತು ಕೊನೆಯಲ್ಲಿದೆ.

ಎಷ್ಟು ದಿನಕ್ಕೊಮ್ಮೆ

ಹೊರಗೆ ಹೋಗಿ ಬಂದ ರೈಫಲ್ಲನ್ನು ಕೋತ್‌ಗೆ, ಅಂದರೆ ಠಾಣೆಯ ಆಯುಧ ಕೋಣೆಗೆ, ಒಪ್ಪಿಸುವ ಮೊದಲೇ ಒರೆಸಬೇಕು. ಮರುದಿನಕ್ಕೆ ಬಿಡಬಾರದು.

ಕೋತಿನಿಂದ ಹೊರಗೆ ಬಾರದ ರೈಫಲ್ಲನ್ನು ವಾರಕ್ಕೊಮ್ಮೆ ಬಿಚ್ಚಿ ಶುಚಿ ಮಾಡಬೇಕು. ಮಿರಗದ ಮಳೆ ಹಿಡಿದಂದಿನಿಂದ ಹಸ್ತದ ಮಳೆ ಮುಗಿಯುವ ತನಕ ವಾರಕ್ಕೆ ಎರಡು ಸಲ.

ಗುಂಡು ಹಾರಿಸಿದ ರೈಫಲ್ಲನ್ನು ಅದೇ ದಿನ ಪೂರ್ತಿ ಶುಚಿ ಮಾಡಬೇಕು. ಮುಂದಿನ ಮೂರು ದಿನವೂ ಬ್ಯಾರಲ್ಲಿಗೆ ಚಿಂದಿ ಎಳೆದು ನೋಡಬೇಕು. ಹಾರಿಸಿದ್ದು ಒಂದೇ ಗುಂಡಾದರೂ ಈ ನಿಯಮ ಬದಲಾಗುವುದಿಲ್ಲ. ಮೊದಲ ದಿನ ಹೊಳೆಯುವ ಬ್ಯಾರಲ್ ಎರಡನೆಯ ದಿನ ಕಪ್ಪು ಬಿಡುತ್ತದೆ. ಉಕ್ಕಿನ ಸಣ್ಣ ಗೀರುಗಳಲ್ಲಿ ಕೂತಿದ್ದ ಮದ್ದಿನ ಮಸಿ ಆಮೇಲೆ ಮೇಲೆ ಬರುವುದೇ ಅದಕ್ಕೆ ಕಾರಣ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಪ್ರತಿ ರೈಫಲ್ಲೂ ಆಯುಧ ದುರಸ್ತಿ ಮಾಡುವ ಆರ್ಮರರ್ ಕಣ್ಣಿಗೆ ಬೀಳಬೇಕು.

ನಮ್ಮ ಕಡೆ ಕಿವಿಗೆ ಬೀಳುವ ಮಾತು ಒಂದಿದೆ: ‘ವರ್ಷಕ್ಕೊಮ್ಮೆ ಫೈರಿಂಗ್ ಪ್ರಾಕ್ಟೀಸಿನಾಗ ನಾಕು ಗುಂಡು ಹೊಡೀತದ, ಅದಕ್ಕ್ಯಾಕ ವಾರಾ ವಾರಾ ಬಿಚ್ಚೂದು?’ ಈ ಮಾತನ್ನು ಒಪ್ಪಬೇಡಿ. ಠಾಣೆಯ ರೈಫಲ್ಲನ್ನು ಗುಂಡಿನ ಮಸಿ ಕೆಡಿಸುವುದು ಕಡಿಮೆ. ಅದು ಕೆಡುವುದು ನಿಂತಲ್ಲೇ ನಿಂತು, ಮೈಮೇಲೆ ಹಳೆಯ ಎಣ್ಣೆ ಅಂಟಾಗಿ, ಆ ಅಂಟಿಗೆ ಧೂಳು ಕೂತು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ಮಾತಿನ ವಿವರ: ಶುಚಿ ಮಾಡುವುದು ಹೆಚ್ಚಾಗಲಿ, ಎಣ್ಣೆ ಹಚ್ಚುವುದು ಕಡಿಮೆಯಾಗಲಿ.

2025ರ ಜನವರಿ 16ರಂದು ಬೀದರ ನಗರದಲ್ಲಿ ಹಾಡಹಗಲೇ ಎಟಿಎಂ ಹಣದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತವರು ಮೋಟರ್‌ಸೈಕಲ್ಲಿನಲ್ಲಿ ಪರಾರಿಯಾದರು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ ಇರುವ ಜಿಲ್ಲೆ ನಮ್ಮದು. ರೈಫಲ್ ಬೇಕಾಗುವ ಗಳಿಗೆ ಇಲ್ಲಿ ಹೇಳಿ ಬರುವುದಿಲ್ಲ, ಹಾಗಾಗಿ ಅದು ಸದಾ ಶುಚಿಯಾಗಿ ಸಿದ್ಧವಿರಬೇಕು.

ಕೈ ಹಚ್ಚುವ ಮೊದಲು

ಈ ಭಾಗವನ್ನು ಯಾರೂ ಹಾರಿಸಿ ಓದಬಾರದು. ಬಂದೂಕು ಒರೆಸುವಾಗ ಆಗುವ ಸಾವುಗಳಿಗೆ ‘ಖಾಲಿ ಅದ ಅಂದ್ಕೊಂಡಿದ್ದೆ’ ಎಂಬ ಮಾತೇ ಹೆಚ್ಚಾಗಿ ಕಾರಣ.

ಮೂತಿಯನ್ನು ಮರಳಿನ ಚೀಲದ ಕಡೆಗೆ ಹಿಡಿಯಬೇಕು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಕಾಕಿಂಗ್ ಹ್ಯಾಂಡಲ್ ಎಳೆಯಬೇಕು. ಈ ಕ್ರಮ ತಿರುವುಮುರುವು ಆಗಲೇಬಾರದು. ಮ್ಯಾಗಜಿನ್ ಇದ್ದಾಗಲೇ ಹ್ಯಾಂಡಲ್ ಎಳೆದರೆ ಚೇಂಬರಿನ ಗುಂಡು ಹೊರಗೆ ಬೀಳುತ್ತದೆ, ಬ್ರೀಚ್ ಬ್ಲಾಕ್ ಮುಂದೆ ಹೋಗುವಾಗ ಮ್ಯಾಗಜಿನ್ನಿನಿಂದ ಇನ್ನೊಂದು ಗುಂಡು ಒಳಗೆ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದವನ ಕೈಯಲ್ಲಿ ಇರುವುದು ತುಂಬಿದ ರೈಫಲ್. ಬಿದ್ದ ಗುಂಡನ್ನು ಕಣ್ಣಾರೆ ಕಂಡಿರುವುದರಿಂದ ಅವನಿಗೆ ಅನುಮಾನವೂ ಬರುವುದಿಲ್ಲ.

ಹ್ಯಾಂಡಲ್ ಎಳೆದು ಹಿಡಿದು ಚೇಂಬರಿನೊಳಗೆ ಕಣ್ಣಿಂದ ನೋಡಬೇಕು. ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ನೀವು ನೋಡಿದ ಮೇಲೆ ಪಕ್ಕದವರೂ ನೋಡಬೇಕು. ಅವರು ನಿಮಗಿಂತ ಕಿರಿಯರಾದರೂ ತೋರಿಸಲು ಸಂಕೋಚ ಬೇಡ.

ಗುಂಡುಗಳನ್ನು ಶುಚಿ ಮಾಡುವ ಜಾಗದಲ್ಲಿ ಇಡಬಾರದು, ಬೇರೆ ಕೋಣೆಗೆ ಸಾಗಿಸಬೇಕು. ಮಾತಾಡುತ್ತಾ, ಫೋನ್ ನೋಡುತ್ತಾ, ಚಹಾ ಕುಡಿಯುತ್ತಾ ಶುಚಿ ಮಾಡಬಾರದು.

ಒಂದು ಬಟ್ಟೆಯ ಮೇಲೆ ಒಂದೇ ರೈಫಲ್ ಬಿಚ್ಚಬೇಕು. ಎರಡು ರೈಫಲ್ಲಿನ ಭಾಗ ಕೂಡಿಸಿ ಇಡಬಾರದು. ಎಸ್‌ಎಲ್‌ಆರ್‌ನ ಬ್ರೀಚ್ ಬ್ಲಾಕ್ ಹಿಂದಕ್ಕೆ ಒರಗಿ ನಿಲ್ಲುವ ಲಾಕಿಂಗ್ ಶೋಲ್ಡರನ್ನು ಆ ಒಂದು ರೈಫಲ್ಲಿಗೆ ಅಳತೆ ನೋಡಿ ಕೂರಿಸಿರುತ್ತಾರೆ. ಪಕ್ಕದ ರೈಫಲ್ಲಿನ ಬ್ಲಾಕ್ ಸಲೀಸಾಗಿ ಒಳಗೆ ಹೋಗಬಹುದು, ಹ್ಯಾಂಡಲ್ಲೂ ಸರಾಗ ಎಳೆಯಬಹುದು. ಆದರೆ ಗುಂಡಿನ ಹಿಂದೆ ಇರಬೇಕಾದ ಅಂತರ ತಪ್ಪಿರುತ್ತದೆ, ಖೋಕಾ (ಗುಂಡಿನ ಹಿತ್ತಾಳೆ ಕೋಶ) ಒಡೆದು ಗ್ಯಾಸ್ ಮುಖಕ್ಕೆ ಬರಬಹುದು. ಜೋಡಿಸುವಾಗ ನಂಬರ್ ಹೊಂದಿಸಿ ನೋಡಿ.

ಬ್ಯಾರಲ್

ಪುಲ್‌ಥ್ರೂವನ್ನು (ಚಿಂದಿ ಕಟ್ಟಿ ಎಳೆಯುವ ಹಗ್ಗವನ್ನು) ಚೇಂಬರ್ ಕಡೆಯಿಂದ ಇಳಿಸಿ ಮೂತಿಯ ಕಡೆಗೆ ಎಳೆಯಬೇಕು. ಒಣಗಿಸುವ ಚಿಂದಿ 4 ಇಂಚು ಉದ್ದ, 2 ಇಂಚು ಅಗಲ. ಎಣ್ಣೆಯ ಚಿಂದಿ ಅಷ್ಟೇ ಉದ್ದ, ಅಗಲ ಒಂದೂವರೆ ಇಂಚು. ಅಗಲ ಕಡಿಮೆ ಇರುವುದಕ್ಕೆ ಅರ್ಥವಿದೆ. ಬಿಗಿ ಚಿಂದಿಯಾದರೆ ಎಣ್ಣೆಯನ್ನು ಚೇಂಬರಿನ ಬಾಯಲ್ಲೇ ಹಿಂಡಿಬಿಡುತ್ತದೆ, ಮುಂದಿನ ಬ್ಯಾರಲ್ ಒಣಗಿಯೇ ಉಳಿಯುತ್ತದೆ.

ಒಬ್ಬರು ರೈಫಲ್ ಹಿಡಿಯಬೇಕು, ಇನ್ನೊಬ್ಬರು ಒಂದೇ ಎಳೆತಕ್ಕೆ, ನೇರವಾಗಿ ಎಳೆಯಬೇಕು. ಹಗ್ಗವನ್ನು ಓರೆಯಾಗಿ ಎಳೆದು ಮೂತಿಯ ಅಂಚಿಗೆ ಉಜ್ಜಿಸಬಾರದು. ಹಗ್ಗಕ್ಕೆ ಧೂಳು ಅಂಟಿದ್ದರೆ ಅದು ಉಕ್ಕನ್ನೂ ತೇಯುತ್ತದೆ. ಗುಂಡು ಬ್ಯಾರಲ್ಲಿಗೆ ವಿದಾಯ ಹೇಳುವ ಕೊನೆಯ ಜಾಗ ಆ ಅಂಚು. ಅದು ಒಂದು ಕಡೆ ಸವೆದರೆ ಗುರಿ ಮತ್ತೆ ಸರಿಯಾಗುವುದಿಲ್ಲ. ಹಗ್ಗವನ್ನು ಆಗಾಗ ಸೋಪು ಹಚ್ಚಿ ತೊಳೆದು ಒಣಗಿಸಿ.

ಚಿಂದಿ ನಡುವೆ ಸಿಕ್ಕಿಕೊಂಡರೆ ನಿಲ್ಲಿಸಿ, ಆರ್ಮರರಿಗೆ ತಿಳಿಸಿ. ಮೂತಿಯಿಂದ ತಂತಿ, ಛತ್ರಿ ಕಡ್ಡಿ, ಸರಳು ತೂರಬಾರದು. ಗುಂಡು ಹಾರಿಸಿ ಹೊರಗೆ ತಳ್ಳುತ್ತೇನೆಂದು ಯೋಚಿಸಲೂ ಬಾರದು. ಬ್ಯಾರಲ್ ಸೀಳುತ್ತದೆ, ಹಿಡಿದ ಕೈ ಹೋಗುತ್ತದೆ.

ಮಳೆ ನೀರು ಒಳಗೆ ಹೋಗದಿರಲಿ ಎಂದು ಮೂತಿಗೆ ಬಟ್ಟೆ, ಕಾಗದ, ಬೂಚು ತುರುಕಬಾರದು. ಒಳಗಿನ ತೇವ ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ಅವಸರದಲ್ಲಿ ತೆಗೆಯಲು ಮರೆತರೆ ಫಲ ಮೇಲೆ ಹೇಳಿದ್ದೇ.

ಎಣ್ಣೆ: ಎಲ್ಲಿ ಬೇಕು, ಎಲ್ಲಿ ಬೇಡ

ಬ್ರೀಚ್ ಬ್ಲಾಕ್ ಮತ್ತು ಸ್ಲೈಡ್ ಒಂದಕ್ಕೊಂದು ಉಜ್ಜುವ ಜಾಗ, ಸ್ಲೈಡ್ ಓಡುವ ದಾರಿ: ಇಲ್ಲಿ ಎಣ್ಣೆ ಬೇಕು. ಬೆರಳ ತುದಿಗೆ ಒಂದು ತೊಟ್ಟು ತಗೊಂಡು ಸವರಿದರೆ ಸಾಕು. ಮೈಯ ಹೊರಗಿನ ಲೋಹಕ್ಕೆ ಎಣ್ಣೆ ಬಟ್ಟೆಯಿಂದ ಒಂದು ಕೈ. ಮುಟ್ಟಿದರೆ ಜಿಡ್ಡು ಗೊತ್ತಾಗಬೇಕು, ನೋಡಿದರೆ ಹರಿಯಬಾರದು.

ಕೋತಿನಲ್ಲಿ ನಿಲ್ಲುವ ರೈಫಲ್ಲಿನ ಬ್ಯಾರಲ್ ಮತ್ತು ಚೇಂಬರಿಗೆ ತೆಳುವಾಗಿ ಎಣ್ಣೆ ಇರಬೇಕು. ಅದೇ ರೈಫಲ್ ಡ್ಯೂಟಿಗೆ ಹೊರಟಾಗ ಒಣ ಚಿಂದಿ ಎಳೆದು ಆ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಈ ಕೆಲಸ ಬಿಟ್ಟುಹೋಗುವುದೇ ಹೆಚ್ಚು, ಅಪಾಯವೂ ಇದರಲ್ಲೇ ಇದೆ. ಗುಂಡು ಸಿಡಿದಾಗ ಹಿತ್ತಾಳೆ ಖೋಕಾ ಉಬ್ಬಿ ಚೇಂಬರಿನ ಗೋಡೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಕ್ಕೆ ಒದೆಯುವ ಬಲದಲ್ಲಿ ಒಂದು ಪಾಲನ್ನು ಆ ಗೋಡೆ ತಡೆಯುತ್ತದೆ. ಗೋಡೆಗೆ ಎಣ್ಣೆ ಇದ್ದರೆ ಖೋಕಾ ಜಾರುತ್ತದೆ, ಒದೆತವೆಲ್ಲ ಬ್ರೀಚ್ ಬ್ಲಾಕಿನ ಮೇಲೆ ಬೀಳುತ್ತದೆ. ಬ್ಯಾರಲ್ಲಿನ ಎಣ್ಣೆ ಮೊದಲ ಗುಂಡಿನ ಗುರಿಯನ್ನೇ ಕೆಡಿಸುತ್ತದೆ. ಠಾಣೆಯ ಕೆಲಸದಲ್ಲಿ ಹಾರುವುದು ಬಹುಪಾಲು ಆ ಮೊದಲ ಗುಂಡು ಮಾತ್ರ.

ಪಿಸ್ಟನ್, ಗ್ಯಾಸ್ ಸಿಲಿಂಡರ್, ಗ್ಯಾಸ್ ಪ್ಲಗ್‌ಗೆ ಡ್ಯೂಟಿಯ ವೇಳೆ ಎಣ್ಣೆ ಕೂಡದು. ಬಿಸಿ ಗ್ಯಾಸಿಗೆ ಎಣ್ಣೆ ಸುಟ್ಟು ಇದ್ದಿಲಾಗಿ ಗಟ್ಟಿಯಾಗಿ ಕೂರುತ್ತದೆ, ಪಿಸ್ಟನ್ ಅರ್ಧ ದಾರಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕೋತಿನೊಳಗೆ ಇರುವಾಗ ಎಣ್ಣೆ ಹಿಂಡಿದ ಬಟ್ಟೆಯಿಂದ ಇವನ್ನೂ ಒರೆಸಿಡಬಹುದು, ಹೊರಗೆ ತೆಗೆದ ದಿನ ಒಣ ಬಟ್ಟೆ ತಪ್ಪಿಸಬಾರದು. ಗ್ಯಾಸ್ ಪ್ಲಗ್ ಮತ್ತೆ ಹಾಕುವಾಗ ‘ಎ’ ಅಕ್ಷರ ಮೇಲಕ್ಕೆ ಬಂದಿದೆಯೇ ನೋಡಿ. ಗ್ರೆನೇಡ್ ಹಾರಿಸುವ ಕಡೆಗೆ ತಿರುಗಿದ್ದರೆ ಗ್ಯಾಸ್ ಮುಚ್ಚಿಹೋಗುತ್ತದೆ, ಪ್ರತಿ ಗುಂಡಿಗೂ ಕೈಯಿಂದಲೇ ಕಾಕ್ ಮಾಡಬೇಕಾಗುತ್ತದೆ. ರೆಗ್ಯುಲೇಟರ್ ಎಷ್ಟನೇ ನಂಬರಿಗೆ ಇತ್ತೋ ಅಲ್ಲೇ ಇರಲಿ. ಮಸಿ ಕಟ್ಟಿದ ಸಿಲಿಂಡರನ್ನು ಒರೆಸುವ ಬದಲು ರೆಗ್ಯುಲೇಟರ್ ಬಿಗಿ ಮಾಡಿ ಕೆಲಸ ಸಾಗಿಸಬಾರದು.

ಮ್ಯಾಗಜಿನ್ ಒಳಗೆ ಎಣ್ಣೆ ಬೇಡ. ಗುಂಡಿಗಂತೂ ಬೇಡವೇ ಬೇಡ. ಎಣ್ಣೆ ಕ್ಯಾಪಿನ ಸಂದಿಯಲ್ಲಿ ಇಳಿದರೆ ಗುಂಡು ಠುಸ್ ಆಗಬಹುದು. ಗುಂಡನ್ನು ಒಣ ಬಟ್ಟೆಯಿಂದ ಒರೆಸಿ, ಹೊಳಪಿಗೆಂದು ಬ್ರಾಸೊ ಹಚ್ಚಬೇಡಿ.

ಟ್ರಿಗರ್ ಭಾಗವನ್ನು ಬಿಚ್ಚಬೇಡಿ. ಅದು ಆರ್ಮರರ್ ಕೆಲಸ.

ಯಾವ ಎಣ್ಣೆ

ಇಲಾಖೆ ಕೊಟ್ಟ ರೈಫಲ್ ಎಣ್ಣೆ ಮಾತ್ರ. ಅದು ಮುಗಿದಿದ್ದರೆ ಬರೆದು ತರಿಸಬೇಕು, ಅಡುಗೆಮನೆಯತ್ತ ಕೈ ಚಾಚಬಾರದು.

ನಮ್ಮ ಕಡೆ ಕುಸುಬಿ ಎಣ್ಣೆ ಮನೆಮನೆಯಲ್ಲಿದೆ. ಊಟಕ್ಕೆ ಒಳ್ಳೆಯದು, ರೈಫಲ್ಲಿಗೆ ವಿಷ. ಗಾಳಿಗೆ ತೆರೆದಿಟ್ಟರೆ ಅದು ಒಣಗಿ ಪದರ ಕಟ್ಟುತ್ತದೆ. ಬಣ್ಣ ತಯಾರಿಸುವವರು ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಸ್ಲೈಡಿನ ಸಂದಿಯಲ್ಲಿ ಆ ಪದರ ಕಟ್ಟಿದರೆ ಮೇ ತಿಂಗಳ ಹೊತ್ತಿಗೆ ರೈಫಲ್ ಅಂಟಿಕೊಂಡಿರುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆ ಡಿಸೆಂಬರಿನ ಚಳಿಗೆ ಹೆಪ್ಪುಗಟ್ಟುವುದನ್ನು ಎಲ್ಲರೂ ಮನೆಯ ಬಾಟಲಿಯಲ್ಲೇ ನೋಡಿದ್ದೀರಿ.

ಗಾಡಿಯ ಎಂಜಿನ್ ಆಯಿಲ್, ಗ್ರೀಸ್ ಬೇಡ. ದಪ್ಪ ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಡೀಸೆಲ್, ಸೀಮೆಎಣ್ಣೆಯಿಂದ ತೊಳೆದು ಹಾಗೇ ಬಿಡಬಾರದು. ಇದ್ದ ಎಣ್ಣೆಯನ್ನೂ ಅವು ಕಿತ್ತೊಯ್ದು ಲೋಹವನ್ನು ಬರಿಮೈ ಮಾಡುತ್ತವೆ. ಪೆಟ್ರೋಲನ್ನು ಕೋತಿನ ಹೊಸ್ತಿಲು ದಾಟಿಸಬಾರದು.

ತುಕ್ಕು ಕಂಡರೆ ಪಾಲಿಶ್ ಪೇಪರ್, ಇಟ್ಟಿಗೆ ಪುಡಿ, ಪಾತ್ರೆ ತಿಕ್ಕುವ ತಂತಿ ಉಜ್ಜಬಾರದು. ಕಪ್ಪು ಲೇಪನವೇ ಲೋಹಕ್ಕೆ ಕಾವಲು, ಅದು ಹೋದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಆರ್ಮರರ್ ನೋಡಲಿ.

ಕಟ್ಟಿಗೆಯ ಮಾತು ಬೇರೆ. ಹಳೆಯ ಎಸ್‌ಎಲ್‌ಆರ್‌ನ ಕುಂದೆ (ಬಟ್) ಕಟ್ಟಿಗೆಯದು, ಬಿಸಿಲಿಗೆ ಸೀಳು ಬಿಡುತ್ತದೆ. ಅದಕ್ಕೆ ಅಗಸಿ ಎಣ್ಣೆ ಸರಿ, ವರ್ಷಕ್ಕೆ ಎರಡು ಮೂರು ಸಲ ಕೈಯಿಂದ ತಿಕ್ಕಿ ಒಣಗಿಸಬೇಕು. ಲೋಹಕ್ಕೆ ತಾಗದಂತೆ ನೋಡಿಕೊಳ್ಳಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ಒಣಗುವಾಗ ತಾನೇ ಬಿಸಿಯಾಗುತ್ತದೆ, ಗಂಟು ಕಟ್ಟಿದ ಬಟ್ಟೆ ಬೆಂಕಿ ಕಡ್ಡಿ ಇಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಗುಂಡು ಇಡುವ ಕಟ್ಟಡದಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ರಾಶಿಯ ಧೂಳು, ಚುನಾವಣೆಯ ಬಿಸಿಲು

ಸೋಯಾ ರಾಶಿ ಶುರುವಾಗುವ ಅಕ್ಟೋಬರಿನಿಂದ ತೊಗರಿ ರಾಶಿ ಮುಗಿಯುವ ತನಕ ಠಾಣಾ ಕುಶನೂರ, ಕಮಲನಗರ, ಔರಾದ ರಸ್ತೆಗಳ ಗಾಳಿಯಲ್ಲಿ ಹೊಟ್ಟು ಮತ್ತು ಕರಿಮಣ್ಣಿನ ಪುಡಿ ತೇಲುತ್ತಿರುತ್ತದೆ. ಜೀಪಿನ ಹಿಂದಿನ ಸೀಟಿನಲ್ಲಿ ಕುಂತ ರೈಫಲ್ ಅದನ್ನೆಲ್ಲ ಕುಡಿಯುತ್ತದೆ. ಈ ತಿಂಗಳುಗಳಲ್ಲಿ ಡ್ಯೂಟಿ ರೈಫಲ್ಲಿಗೆ ಎಣ್ಣೆಯನ್ನು ಇನ್ನೂ ಇಳಿಸಬೇಕು. ಉಜ್ಜುವ ಜಾಗ ಬಿಟ್ಟು ಉಳಿದೆಲ್ಲ ಒಣಗಿರಲಿ. ದಿನಾ ಸಂಜೆ ಸ್ಲೈಡಿನ ದಾರಿಯನ್ನು ಬ್ರಷ್ಷಿನಿಂದ ಬಳಿದು, ಹಳೆ ಎಣ್ಣೆ ಒರೆಸಿ, ಹೊಸದು ಸವರಬೇಕು. ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಹಾಕಬಾರದು.

ಇದು ನಮ್ಮ ಊರಿಗಷ್ಟೇ ಬಂದ ಕಷ್ಟವಲ್ಲ. ನಮ್ಮ ಎಸ್‌ಎಲ್‌ಆರ್ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್ ರೈಫಲ್ಲಿನ ವಂಶದ್ದು. 1962ರ ಯುದ್ಧದ ಪಾಠದ ನಂತರ ಬಂಗಾಳದ ಇಶಾಪುರ ಕಾರ್ಖಾನೆ ಅದನ್ನು 1ಎ1 ಎಂಬ ಹೆಸರಿನಲ್ಲಿ ತಯಾರಿಸಿತು. ಅದೇ ಎಫ್‌ಎಎಲ್ ಇಸ್ರೇಲ್ ಸೈನ್ಯದ ಕೈಯಲ್ಲಿ ಮರುಭೂಮಿಯ ಮರಳಿಗೆ ಸಿಕ್ಕಿ ಜಾಮ್ ಆಗುತ್ತಿತ್ತು. 1967ರ ಯುದ್ಧದ ನಂತರ ಅವರು ಬೇರೆ ರೈಫಲ್ಲನ್ನೇ ಹುಡುಕಿದರು. ಒಳ್ಳೆಯ ಉಕ್ಕಿನ ಗಟ್ಟಿ ರೈಫಲ್ ಇದು. ಆದರೆ ಅದರ ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ, ಸಂದಿಗೆ ಹೋದ ಮಣ್ಣಿಗೆ ಹೊರಗೆ ಬರಲು ಜಾಗವಿಲ್ಲ.

ಶುಚಿಯೇ ಬೇಡ ಎಂದವರ ಕಥೆ ಇನ್ನೂ ಕಠಿಣ. ಅಮೆರಿಕ ತನ್ನ ಹೊಸ ಎಂ16 ರೈಫಲ್ಲನ್ನು ವಿಯೆಟ್ನಾಮಿಗೆ ಕಳಿಸಿದಾಗ, ಇದಕ್ಕೆ ಹೆಚ್ಚು ಶುಚಿ ಬೇಕಿಲ್ಲ ಎಂಬ ನಂಬಿಕೆ ಹಬ್ಬಿತ್ತು. ಶುಚಿ ಮಾಡುವ ಸಾಮಾನು ಕೂಡ ಸಾಕಷ್ಟು ಕಳಿಸಿರಲಿಲ್ಲ. ಮಸಿ ಹೆಚ್ಚು ಬಿಡುವ ಮದ್ದು, ಕ್ರೋಮ್ ಲೇಪನವಿಲ್ಲದ ಚೇಂಬರ್, ಅಲ್ಲಿನ ತೇವ ಸೇರಿ ಖೋಕಾಗಳು ಒಳಗೇ ಕಚ್ಚಿಕೊಂಡವು. ಜಾಮ್ ಆದ ರೈಫಲ್ ಪಕ್ಕದಲ್ಲೇ ಸೈನಿಕರು ಸತ್ತರು. 1967ರಲ್ಲಿ ಅವರ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಆಮೇಲೆ ಚೇಂಬರಿಗೆ ಕ್ರೋಮ್ ಬಂತು, ಪ್ರತಿಯೊಬ್ಬನಿಗೂ ಶುಚಿ ಕಿಟ್ ಬಂತು.

ವನಮಾರಪಳ್ಳಿಯಂಥ ಗಡಿ ಚೆಕ್‌ಪೋಸ್ಟಿನಲ್ಲಿ ಚುನಾವಣೆ ಡ್ಯೂಟಿ ಬಿದ್ದಾಗ ಬಿಸಿಲು, ಲಾರಿ ಧೂಳು, ಬೆವರು ಮೂರೂ ಒಟ್ಟಿಗೆ ಬರುತ್ತವೆ. 2023ರ ವಿಧಾನಸಭೆ ಮತದಾನ ಮೇ 10ಕ್ಕೆ, 2024ರ ಲೋಕಸಭೆಯದು ನಮ್ಮಲ್ಲಿ ಮೇ 7ಕ್ಕೆ. ಬೆವರಿನ ಉಪ್ಪು ಲೋಹವನ್ನು ಒಂದೇ ರಾತ್ರಿಗೆ ಕೆಂಪು ಮಾಡಬಲ್ಲದು. ಪಾಳಿ ಬದಲಾಗುವಾಗ ಕೈ ಹಿಡಿದ ಜಾಗವನ್ನೆಲ್ಲ ಒರೆಸಿಯೇ ಮುಂದಿನವರಿಗೆ ಕೊಡಬೇಕು. ರೈಫಲ್ಲನ್ನು ಬಿಸಿಲಲ್ಲಿ ತಗಡಿಗೆ ಒರಗಿಸಬಾರದು, ನೆಲದ ಮೇಲೆ ಮಲಗಿಸಬಾರದು. ಚೆಕ್‌ಪೋಸ್ಟಿನಲ್ಲಿ ಪೂರ್ತಿ ಬಿಚ್ಚಬಾರದು. ಸ್ಪ್ರಿಂಗ್ ಒಂದು ಕತ್ತಲಲ್ಲಿ ಹಾರಿಹೋದರೆ ಆ ರಾತ್ರಿಯ ಮಟ್ಟಿಗೆ ರೈಫಲ್ ಇಲ್ಲದಂತೆಯೇ.

ರೈಫಲ್ಲನ್ನು ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಕೋತಿನಲ್ಲಿ ಇಡಬಾರದು. ಚೀಲ ಪ್ರಯಾಣಕ್ಕೆ ಮಾತ್ರ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಲೋಹಕ್ಕೆ ಅಂಟಿಸುತ್ತದೆ.

ಆಯುಧ ಪೂಜೆ

ಪೂಜೆ ಮಾಡಿ, ಭಕ್ತಿಯಿಂದ ಮಾಡಿ. ಆದರೆ ಕುಂಕುಮ, ಅರಿಶಿಣ, ವಿಭೂತಿಯನ್ನು ಲೋಹಕ್ಕೆ ಒದ್ದೆ ಮಾಡಿ ಹಚ್ಚಬಾರದು. ಕುಂದೆಯ ಮೇಲೆ ಇಟ್ಟರೆ ಸಾಕು. ಲಿಂಬೆಹಣ್ಣನ್ನು ರೈಫಲ್ಲಿಗೆ ತಾಗುವಂತೆ ಕೊಯ್ಯಬಾರದು, ಅದರ ಹುಳಿ ಕಪ್ಪು ಲೇಪನವನ್ನು ತಿನ್ನುತ್ತದೆ. ಮೂತಿಗೆ ಹೂ ಸಿಕ್ಕಿಸಬಾರದು. ಮಂಗಳಾರತಿ ಆದ ಮೇಲೆ ಅದೇ ಸಂಜೆ ಎಲ್ಲ ರೈಫಲ್ ಒರೆಸಿ, ಬ್ಯಾರಲ್ಲಿನೊಳಗೆ ಬೆಳಕು ಹಿಡಿದು ನೋಡಿ, ಆಮೇಲೆ ಕೋತ್‌ಗೆ ಬೀಗ. ಹೂವಿನ ಎಸಳು ಒಳಗೆ ಕೊಳೆತು ಕೂರುವುದನ್ನು ಯಾವ ದೇವರೂ ಬಯಸುವುದಿಲ್ಲ.

ಒಪ್ಪಿಸುವಾಗ

ಜೋಡಿಸಿದ ಮೇಲೆ ಮ್ಯಾಗಜಿನ್ ಇಲ್ಲದೆ ಎರಡು ಸಲ ಕಾಕ್ ಮಾಡಿ, ಮರಳಿನ ಚೀಲದ ಕಡೆ ಮೂತಿ ಹಿಡಿದು ಟ್ರಿಗರ್ ಒತ್ತಿ ನೋಡಬೇಕು. ಸೇಫ್ಟಿ ಹಾಕಿದಾಗ ಟ್ರಿಗರ್ ಕೆಲಸ ಮಾಡಬಾರದು. ರಿಜಿಸ್ಟರಿನಲ್ಲಿ ರೈಫಲ್ ನಂಬರ್, ದಿನ, ಶುಚಿ ಮಾಡಿದವರ ಸಹಿ ಇರಬೇಕು. ಮಾಡದ ಕೆಲಸಕ್ಕೆ ಸಹಿ ಹಾಕಬಾರದು. ಮುಂದೊಂದು ದಿನ ಆ ರೈಫಲ್ ಹಿಡಿದು ಹೊರಗೆ ಹೋಗುವವರು ನಿಮ್ಮ ಸಹಿಯನ್ನೇ ನಂಬಿರುತ್ತಾರೆ.

ಲೈಸೆನ್ಸ್ ಬಂದೂಕಿನ ರೈತರಿಗೆ

7.62ರ ಈ ರೈಫಲ್ ಜನಸಾಮಾನ್ಯರಿಗೆ ನಿಷಿದ್ಧ, ನಿಮ್ಮ ಕೈಯಲ್ಲಿರುವುದು ಹೆಚ್ಚಾಗಿ ಒಂಟಿ ನಳಿಗೆಯ ಇಲ್ಲವೇ ಜೋಡಿ ನಳಿಗೆಯ 12 ಬೋರ್. ಅದಕ್ಕೂ ಹೆಚ್ಚುಕಡಿಮೆ ಮೇಲಿನ ನಿಯಮವೇ: ಹಾರಿಸಿದ ದಿನ ಶುಚಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಣ್ಣಾಡಿಸುವುದು, ಎಣ್ಣೆ ತೆಳುವಾಗಿ. ಕಾಡುಹಂದಿ ಓಡಿಸಿ ಬಂದ ರಾತ್ರಿ ಹಾಗೇ ಮೂಲೆಗೆ ನಿಲ್ಲಿಸಿ ಮಲಗಬೇಡಿ. ಕಾರ್ಟಿಜ್ ತೆಗೆಯದೆ ಮನೆಯೊಳಗೆ ತರಲೇಬೇಡಿ, ಮಕ್ಕಳಿರುವ ಮನೆ.

ಚುನಾವಣೆ ಬಂದಾಗ ಸಾಮಾನ್ಯವಾಗಿ ಬಂದೂಕನ್ನು ಠಾಣೆಗೆ ಜಮಾ ಮಾಡಿಸುತ್ತಾರೆ. 2024ರಲ್ಲಿ ಮಾರ್ಚ್ 16ಕ್ಕೆ ಘೋಷಣೆ ಆಯಿತು, ಎಣಿಕೆ ಜೂನ್ 4ಕ್ಕೆ. ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬಂದೂಕು ನಿಮ್ಮ ಕೈಯಲ್ಲಿ ಇರುವುದಿಲ್ಲ, ತಿರುಗಿ ಬರುವ ಹೊತ್ತಿಗೆ ಮಿರಗ ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದ ಜಮಾ ಮಾಡುವ ಹಿಂದಿನ ದಿನ ನಳಿಗೆ ಒಣಗಿಸಿ, ಒಳಗೂ ಹೊರಗೂ ಎಣ್ಣೆ ಸವರಿ, ಕಾರ್ಟಿಜ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಳಿಗೆ ಮಡಚಿ ತೆರೆದಿಟ್ಟ ಸ್ಥಿತಿಯಲ್ಲೇ ಠಾಣೆಯೊಳಗೆ ತನ್ನಿ. ರಸೀದಿಯಲ್ಲಿ ನಂಬರ್ ಸರಿ ಬರೆದಿದ್ದಾರೆಯೇ ನೋಡಿ. ವಾಪಸ್ ಪಡೆದ ದಿನವೇ ಒಣ ಬಟ್ಟೆಯಿಂದ ನಳಿಗೆ ಒರೆಸಿ. ಎಣ್ಣೆ ತೆಗೆಯದೆ ಕಾರ್ಟಿಜ್ ಹಾಕಬೇಡಿ.